ಹಸಿ ಕಾಂಕ್ರೀಟಿನ ಸುಡುಗಾಯದಿಂದ ಕಾರ್ಮಿಕರಿಗೆ ರಕ್ಷಣೆ ಕೋರಿ ಮನವಿ

ಇವರಿಗೆ: ಕಾರ್ಯದರ್ಶಿಗಳು, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ, ಬೆಂಗಳೂರು
ಅರ್ಜಿದಾರರು: ಉಳ್ಳಾಲ ಪರಿಸರದ ಗಾರೆ, ಸೆಂಟ್ರಿಂಗ್ ಮತ್ತು ಕಾಂಕ್ರೀಟು ಕೆಲಸದ ಕಾರ್ಮಿಕರು

ಮಾನ್ಯರೆ,

ಸಿಮೆಂಟಿಗೆ ನೀರು ಬೆರೆತೊಡನೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣದಲ್ಲಿರುವ ತೀಕ್ಷ್ಣ ಕ್ಷಾರವೇ, ಹುಟ್ಟಿಕೊಳ್ಳುತ್ತದೆ. ಆಮ್ಲ ಮತ್ತು ಕ್ಷಾರಗಳ ತೀವ್ರತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ಶುದ್ಧ ನೀರು 7ರಲ್ಲೂ ಮನುಷ್ಯನ ಚರ್ಮ 5ರ ಆಸುಪಾಸಿನಲ್ಲೂ ಇದ್ದರೆ ಹಸಿ ಕಾಂಕ್ರೀಟು 12ರಿಂದ 13ರವರೆಗೆ ಏರುತ್ತದೆ. ಈ ಮಾನದ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನ ವ್ಯತ್ಯಾಸವಾಗಿರುವುದರಿಂದ ಅಂತರ ಬಹು ದೊಡ್ಡದು. ಇಂಥ ಕ್ಷಾರವು ಚರ್ಮದ ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುತ್ತ ಒಳಗಿಳಿಯುವಾಗ ಮೊದಲಿಗೆ ನೋವೇ ತಿಳಿಯದೆ, ಗಂಟೆಗಳ ಬಳಿಕ ಉರಿ ಕಾಣಿಸುವಷ್ಟರಲ್ಲಿ ಗಾಯ ಆಳವಾಗಿರುತ್ತದೆ. ತಾರಸಿ ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲವಾದ್ದರಿಂದ, ಬೂಟಿನೊಳಗೆ ಹೊಕ್ಕ ಸಿಮೆಂಟು ನೀರಾಗಲಿ, ಮಂಡಿಯೂರಿ ಮಟ್ಟ ಮಾಡುವವರ ಬಟ್ಟೆಗೆ ಇಳಿದ ತೇವವಾಗಲಿ, ಸಂಜೆಯವರೆಗೂ ಮೈಗೆ ಅಂಟಿಕೊಂಡೇ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರಿದ ಮೈಗೆ ಒಣ ಸಿಮೆಂಟಿನ ಪುಡಿಯೂ ಇದೇ ಅಪಾಯವನ್ನು ತರುತ್ತದೆ.

ಆದಕಾರಣ ಅರ್ಜಿದಾರರ ಮೊದಲ ಹಾಗೂ ಮುಖ್ಯ ಬೇಡಿಕೆ ನೀರು. ಬಾಂಡ್ಲಿ, ಕರಣೆಗಳನ್ನು ಅದ್ದಿ ತೊಳೆದ ಡ್ರಮ್ಮಿನಲ್ಲೇ ಕೈಕಾಲು ತೊಳೆಯುವ ರೂಢಿಯಿದ್ದು, ಆ ನೀರೇ ಕ್ಷಾರವಾಗಿರುವುದರಿಂದ ತೊಳೆದೂ ಫಲವಿಲ್ಲ. ಕಾಂಕ್ರೀಟು ತಾಗಿದ ಚರ್ಮವನ್ನು ಕನಿಷ್ಠ 20 ನಿಮಿಷ ಹರಿಯುವ ಶುಚಿ ನೀರಿನಲ್ಲಿ ತೊಳೆಯಬೇಕಾಗಿರುವುದರಿಂದ, ಕಡಲಂಚಿನ ಬಾವಿಗಳಿಗೆ ಉಪ್ಪು ನುಗ್ಗುವ ಉಳ್ಳಾಲದಂಥ ಊರಿನಲ್ಲಿ ಪ್ರತಿ ಕಾಮಗಾರಿಯ ಸ್ಥಳದಲ್ಲೂ ಇದಕ್ಕೆಂದೇ ನಲ್ಲಿಯುಳ್ಳ ಪ್ರತ್ಯೇಕ ಟ್ಯಾಂಕು ಕಡ್ಡಾಯವಾಗಬೇಕು. ಹಾಗೆ ತೊಳೆದುಕೊಂಡ ಹೊತ್ತಿಗೆ ಕೂಲಿ ಮುರಿಯಬಾರದು.

ಮಂಡಳಿಯ ‘ಶ್ರಮ ಸಾಮರ್ಥ್ಯ’ ಯೋಜನೆಯಡಿ ತರಬೇತಿಯೊಂದಿಗೆ ನೀಡುವ ಉಪಕರಣಗಳ ಜತೆಗೆ ಮೊಣಕಾಲಿನ ಹತ್ತಿರದವರೆಗೆ ಬರುವ ರಬ್ಬರ್ ಬೂಟು, ನೀರು ಹಿಡಿಯದ ಮಂಡಿಪಟ್ಟಿ ಮತ್ತು ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸುಗಳನ್ನೂ ಸೇರಿಸಬೇಕು. ಹತ್ತಿಯ ಕೈಗವಸು ಕ್ಷಾರವನ್ನು ಹೀರಿ ಚರ್ಮಕ್ಕೆ ಒತ್ತಿಹಿಡಿಯುವುದರಿಂದ ಅದನ್ನು ರಕ್ಷಣೆಯೆಂದು ಎಣಿಸಲಾಗದು. ನಿರ್ಮಾಣ ವೆಚ್ಚದ ಮೇಲೆ ಸಂಗ್ರಹವಾಗುವ ಶೇಕಡಾ 1ರ ಸೆಸ್ ಕಾರ್ಮಿಕರ ಹಿತಕ್ಕಾಗಿಯೇ ಇರುವಾಗ ಈ ವೆಚ್ಚವನ್ನು ಹೊರೆಯೆನ್ನುವುದು ನ್ಯಾಯವಲ್ಲ.

ಸಿಮೆಂಟಿನಲ್ಲಿ ಅಲ್ಪ ಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ ಕ್ರೋಮಿಯಂನಿಂದ ತುರಿಕೆ, ಬಿರುಕುಗಳುಳ್ಳ ಚರ್ಮರೋಗವೂ ಬರುತ್ತದೆ. ಒಮ್ಮೆ ಈ ಅಲರ್ಜಿ ಹತ್ತಿದವರು ಕಸುಬನ್ನೇ ತೊರೆಯಬೇಕಾಗಬಹುದು. ಐರೋಪ್ಯ ಒಕ್ಕೂಟವು 2005ರಿಂದ ಸಿಮೆಂಟಿನಲ್ಲಿನ ಈ ಕ್ರೋಮಿಯಂಗೆ ಹತ್ತು ಲಕ್ಷಕ್ಕೆ 2 ಭಾಗದ ಮಿತಿ ಹಾಕಿದ್ದು, ಫೆರಸ್ ಸಲ್ಫೇಟ್ ಬೆರೆಸಿ ಅದನ್ನು ಸಾಧಿಸಲಾಗುತ್ತದೆ. ಇಲ್ಲಿಯೂ ಅಂಥ ಮಿತಿಗಾಗಿ ಮಂಡಳಿಯು ಸರ್ಕಾರಕ್ಕೆ ಶಿಫಾರಸು ಮಾಡಬೇಕು.

ಕಾಂಕ್ರೀಟಿನ ಸುಡುಗಾಯಗಳನ್ನು ಕೆಲಸದ ಅಪಘಾತವೆಂದೇ ದಾಖಲಿಸಿ ಚಿಕಿತ್ಸಾ ನೆರವು ಕೊಡಬೇಕು. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಚರ್ಮವೈದ್ಯರಿಂದ ತಪಾಸಣಾ ಶಿಬಿರ ನಡೆಸಬೇಕು. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ದುಡಿಯಲು ಬಂದವರಿಗೆ ಅರ್ಥವಾಗುವಂತೆ ಎಚ್ಚರಿಕೆಯ ಫಲಕಗಳು ಕನ್ನಡದೊಂದಿಗೆ ಹಿಂದಿ, ಬಂಗಾಳಿ, ಒಡಿಯಾಗಳಲ್ಲೂ ಇರಬೇಕು. ಮಳೆಗಾಲ ಕಳೆದು ತಾರಸಿ ಕೆಲಸಗಳು ಬಿರುಸಾಗುವ ಮುನ್ನ ಈ ಬೇಡಿಕೆಗಳಿಗೆ ಲಿಖಿತ ಉತ್ತರ ನೀಡಬೇಕೆಂದು ಅರ್ಜಿದಾರರು ಕೋರುತ್ತಾರೆ.