ಕನ್ನಂಬಾಡಿ ತುಂಬಿದರಷ್ಟೇ ಪ್ರವಾಹವೇ?

ಕೃಷ್ಣರಾಜಸಾಗರದ ನೀರಿನ ಮಟ್ಟ ಗರಿಷ್ಠ 124.80 ಅಡಿಯನ್ನು ಸಮೀಪಿಸಿತೆಂದರೆ ಮಂಡ್ಯ ಜಿಲ್ಲೆಯಲ್ಲಿ ಪ್ರವಾಹದ ಮಾತು ಆರಂಭವಾಗುತ್ತದೆ. ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗುತ್ತದೆ. ಆದರೆ ಜಿಲ್ಲೆಯ ಅಪಾಯವನ್ನೆಲ್ಲ ಒಂದೇ ಅಣೆಕಟ್ಟೆಯ ಮಾಪಕದಿಂದ ಅಳೆಯಲಾಗದು. ಒಂದಕ್ಕೊಂದು ತಾಗಿಕೊಂಡಿರುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ನೀರು ನುಗ್ಗುವ ದಾರಿಯೂ ಬೇರೆ, ಕಾಲವೂ ಬೇರೆ.

ಆ ಮಾಪಕ ಹೆಚ್ಚಾಗಿ ಅನ್ವಯಿಸುವುದು ಮಳವಳ್ಳಿಗೆ. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಹರಿಯುವ ಕಾವೇರಿ, ತಿರುಮಕೂಡಲು ನರಸೀಪುರದಲ್ಲಿ ಕಬಿನಿಯನ್ನು ಕೂಡಿಕೊಂಡೇ ಇಲ್ಲಿಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಾದಂತೆ ಕೊಡಗು, ವಯನಾಡುಗಳೆರಡರಲ್ಲೂ ಮಳೆ ಸುರಿದು ಎರಡೂ ಜಲಾಶಯಗಳಿಂದ ನೀರು ಬಿಟ್ಟರೆ ಶಿವನಸಮುದ್ರ, ಮುತ್ತತ್ತಿಯ ದಂಡೆಗಳು ಅಪಾಯಕ್ಕೆ ಸಿಲುಕುತ್ತವೆ. ಗೇಟು ತೆರೆಯುವುದು ಮನುಷ್ಯರಾದ್ದರಿಂದ ಮುನ್ಸೂಚನೆಗೆ ಅವಕಾಶವುಂಟು. ದಂಡೆಯಿಂದ ದೂರದ ಹಳ್ಳಿಗಳ ಕಥೆಯೇ ಬೇರೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರು ಹೊಳೆ ಉಕ್ಕಿದ ವರ್ಷವೂ ನಾಲೆಯ ನೀರಿಗೆ ಕಾಯುತ್ತಾರೆ!

ಮದ್ದೂರಿನ ಚಿಂತೆ ಶಿಂಷಾ ನದಿಯದು. ಇದರ ಮೇಲ್ಭಾಗದ ಜಲಾನಯನ ಪ್ರದೇಶ ತುಮಕೂರು ಜಿಲ್ಲೆಯಲ್ಲಿದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿರುವುದು ಸ್ವಯಂಚಾಲಿತ ಸೈಫನ್ ವ್ಯವಸ್ಥೆ. ಭರ್ತಿಯಾದೊಡನೆ ನೀರು ತಾನಾಗಿಯೇ ಹೊರಬೀಳುತ್ತದೆ, ಯಾರ ಆದೇಶಕ್ಕೂ ಕಾಯುವುದಿಲ್ಲ. ವರ್ಷದ ಬಹುಪಾಲು ಸೊರಗಿರುವ ಈ ನದಿಯನ್ನು ನೋಡಿದವರಿಗೆ ದಂಡೆಯ ಜಮೀನು ಸುರಕ್ಷಿತವೆಂದೇ ತೋರುತ್ತದೆ. 2022ರ ಮಳೆ ಆ ಭ್ರಮೆಯನ್ನು ಕಳೆಯಿತು.

ಮಂಡ್ಯ ನಗರದ ನಡುವೆ ದೊಡ್ಡ ನದಿಯಿಲ್ಲ. ಆದರೂ 2022ರಲ್ಲಿ ಬೀಡಿ ಕಾರ್ಮಿಕರ ಕಾಲೋನಿಯ ಮನೆಗಳಿಗೆ ನೀರು ನುಗ್ಗಿತು, ಬೂದನೂರು ಕೆರೆ ಕೋಡಿ ಬಿದ್ದು ಹೆದ್ದಾರಿಯ ಸಂಚಾರಕ್ಕೆ ಅಡ್ಡಿಯಾಯಿತು. ಇಲ್ಲಿ ಅಪಾಯದ ಮೂಲ ಕೆರೆಗಳ ಸರಪಳಿ, ಕಿರಿದಾದ ರಾಜಕಾಲುವೆ ಹಾಗೂ ತಗ್ಗಿನಲ್ಲಿ ಎದ್ದ ಬಡಾವಣೆ. ಸುತ್ತಲಿನದು ನಾಲೆ ಬಯಲು. ಭತ್ತ, ಕಬ್ಬಿನ ಗದ್ದೆಗಳ ನೆಲ ಮೊದಲೇ ತೇವದಿಂದ ತುಂಬಿರುವುದರಿಂದ ಬಿದ್ದ ಮಳೆ ಇಂಗುವುದು ಕಡಿಮೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ದಶಪಥದ ಎತ್ತರದ ಏರಿಯೂ ಈಗ ನೀರಿನ ಸಹಜ ಹರಿವಿಗೆ ಅಡ್ಡಲಾಗಿದೆ. ಅದರ ಕೆಳಗಿನ ಮೋರಿಗಳು ಎಷ್ಟು ನೀರನ್ನು ದಾಟಿಸಬಲ್ಲವು ಎಂಬುದು ಮಂಡ್ಯದ ಮಟ್ಟಿಗೆ ಕನ್ನಂಬಾಡಿಯ ಒಳಹರಿವಿಗಿಂತ ಮುಖ್ಯವಾದ ಪ್ರಶ್ನೆ.

ಕಾಲದ ವ್ಯತ್ಯಾಸವನ್ನೂ ಗಮನಿಸಬೇಕು. ಕಾವೇರಿ ಉಕ್ಕುವುದು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. ಜಿಲ್ಲೆಯ ಸ್ವಂತ ಮಳೆ ಬಲಗೊಳ್ಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಸ್ಟ್ ಕಳೆಯಿತೆಂದು ಆಡಳಿತ ನಿಟ್ಟುಸಿರು ಬಿಡುವ ಹೊತ್ತಿಗೆ ಮಂಡ್ಯದ ಕೆರೆಗಳ ಪರೀಕ್ಷೆ ಶುರುವಾಗಿರುತ್ತದೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಅಂಕಿಅಂಶದೊಂದಿಗೆ ಕೆರೆ ಏರಿಗಳ ಸ್ಥಿತಿ, ಕಾಲುವೆಗಳ ಅಗಲ, ತಗ್ಗಿನ ಮನೆಗಳ ಸಂಖ್ಯೆಯನ್ನು ಸೇರಿಸಿ ವಾರ್ಡು, ಹಳ್ಳಿವಾರು ಪಟ್ಟಿ ಮಾಡುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಮದ್ದೂರಿಗೆ ಬೇಕಾದುದು ಇನ್ನೂ ಸರಳ: ಕುಣಿಗಲ್‌ನಲ್ಲಿ ಜಡಿಮಳೆ ಸುರಿದ ರಾತ್ರಿ ಮಾರ್ಕೋನಹಳ್ಳಿಯಿಂದ ಮದ್ದೂರಿನ ತಹಶೀಲ್ದಾರರಿಗೆ ಒಂದು ದೂರವಾಣಿ ಕರೆ.