ನೇತ್ರಾಣಿಯ ಕಸ ಯಾವ ಪಂಚಾಯಿತಿಯದು?

ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಆಚೆ ನೇತ್ರಾಣಿ ಗುಡ್ಡ ನಿಂತಿದೆ. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ, ಮತದಾರರಿಲ್ಲ. ಹವಳದ ದಿಬ್ಬಗಳಿವೆ, ಬಿಳಿಹೊಟ್ಟೆಯ ಕಡಲ ಹದ್ದುಗಳಿವೆ. ಹರಕೆ ಹೊತ್ತ ಮೀನುಗಾರರು ಬರುತ್ತಾರೆ, ದುಡ್ಡು ಕೊಟ್ಟು ಸ್ಕೂಬಾ ಮುಳುಗಲು ಪ್ರವಾಸಿಗರು ಬರುತ್ತಾರೆ. ನೌಕಾಪಡೆ ಈ ಗುಡ್ಡವನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದಕ್ಕೆ ವರ್ಷಗಟ್ಟಲೆ ವಿರೋಧ ಕೇಳಿಬಂತು. ಕೇಳಿಬರಬೇಕಾದದ್ದೇ. ಆದರೆ ಬಾಂಬಿನ ವಿರುದ್ಧ ದನಿಯೆತ್ತುವುದು ಸುಲಭ, ಹಾಕಿದವರು ಯಾರೆಂದು ಗೊತ್ತಿರುತ್ತದೆ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ ನೀರಿನ ಬಾಟಲಿಗೆ ವಾರಸುದಾರರಿಲ್ಲ.

ಈ ದಿಕ್ಕಿಲ್ಲದ ಕಸವನ್ನು ಸದ್ಯ ಸ್ವಯಂಸೇವಕರ ತಲೆಗೆ ಕಟ್ಟಲಾಗಿದೆ. ಭಟ್ಕಳ, ಹೊನ್ನಾವರ, ಕುಮಟಾದ ದಂಡೆಗಳಲ್ಲಿ ವರ್ಷದ ಕೆಲವು ಭಾನುವಾರ ಕಾಲೇಜು ಹುಡುಗರು, ಸಂಘ–ಸಂಸ್ಥೆಯವರು, ಕೇರಿಯ ಮೀನುಗಾರರು ಚೀಲ ಹಿಡಿದು ಇಳಿಯುತ್ತಾರೆ. ಅವರ ಬೆವರಿನ ಬಗ್ಗೆ ನನ್ನ ತಕರಾರಿಲ್ಲ. ಆ ಬೆವರು ತೋರಿಸಿ ಉಳಿದವರೆಲ್ಲ ಕೈತೊಳೆದುಕೊಳ್ಳುತ್ತಾರಲ್ಲ, ತಕರಾರು ಅದರ ಮೇಲೆ. 2022ರಲ್ಲಿ ಕೇಂದ್ರ ಸರ್ಕಾರ 75 ದಿನಗಳ ‘ಸ್ವಚ್ಛ ಸಾಗರ, ಸುರಕ್ಷಿತ ಸಾಗರ’ ಅಭಿಯಾನ ನಡೆಸಿತು. 75 ಕಡಲತೀರ, 1,500 ಟನ್ ಕಸ ಎಂಬುದು ಅದರ ಗುರಿ. ಹೆಚ್ಚು ಹೆಕ್ಕಿದಷ್ಟೂ ಹೆಚ್ಚು ಯಶಸ್ಸು ಎನ್ನುವ ಈ ಲೆಕ್ಕವೇ ತಲೆಕೆಳಗು. ಬರುವ ವರ್ಷ ಅದೇ ದಂಡೆಯಲ್ಲಿ ಹೆಕ್ಕಲು ಎಷ್ಟು ಕಡಿಮೆ ಸಿಕ್ಕಿತು ಎಂಬುದಲ್ಲವೇ ಗೆಲುವು?

ಕಸ ಬರುವ ದಾರಿ ಕರಾವಳಿಯವರಿಗೆ ಗುಟ್ಟಲ್ಲ. ಶಿರಸಿ ಕಡೆಯಿಂದ ಇಳಿಯುವ ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಮಳೆಗಾಲದ ಕೆಂಪು ನೀರು ಹಳ್ಳಕ್ಕೆ ಬಿದ್ದದ್ದನ್ನೆಲ್ಲ ಹೊತ್ತು ತರುತ್ತದೆ. ಆ ಕಸ ಮೊದಲು ಸಿಕ್ಕಿಕೊಳ್ಳುವುದು ಐಗಳಕುರ್ವೆಯಂಥ ಕುರ್ವೆಗಳ, ಅಂದರೆ ನದಿ ನಡುಗಡ್ಡೆಗಳ ಅಂಚಿಗೆ, ಕಾಂಡ್ಲಾ ಗಿಡಗಳ ಬೇರಿಗೆ. ಶರಾವತಿಯ ಕುರ್ವೆಗಳ ಪಾಡೂ ಬೇರೆಯಲ್ಲ. ಅಘನಾಶಿನಿ ಅಳಿವೆಯ 4,801 ಹೆಕ್ಟೇರಿಗೆ 2024ರಲ್ಲಿ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಮಾನ್ಯತೆ ಕಾಗದದಲ್ಲಿ ಕಾಣುತ್ತದೆ. ಕೆಸರಿನೊಳಗಿನ ಬಾಟಲಿ ಚೂರು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸಿನ ಅಂಗಾಲಿಗಷ್ಟೇ ಗೊತ್ತಾಗುತ್ತದೆ. ಅಳಿವೆ ದಾಟಿ ಕಡಲು ಸೇರಿದ್ದನ್ನೂ ಪಡುವಣ ಗಾಳಿ ಮತ್ತೆ ನಮ್ಮ ದಂಡೆಗೇ ತಂದು ಎಸೆಯುತ್ತದೆ.

ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಚೊಕ್ಕ ಕಡಲತೀರಕ್ಕೆ ಕೊಡುವ ನೀಲಿ ಧ್ವಜ ಬಂತು. ಅದಕ್ಕೆ 33 ಮಾನದಂಡಗಳಿವೆ. ಧ್ವಜದಡಿಯ ಮರಳು ಚೊಕ್ಕವಾಗಿದೆ, ಒಪ್ಪುತ್ತೇನೆ. ಆದರೆ ಕಡಲಾಮೆ ಮೊಟ್ಟೆಯಿಡುವುದು, ಒಣಮೀನು ಹರಡುವುದು ಧ್ವಜದ ನೆರಳಿನಾಚೆಯ ಟೊಂಕದಲ್ಲಿ. ಪ್ರವಾಸಿಗರ ಕಣ್ಣಿಗೆ ಬೀಳುವಷ್ಟು ಅಗಲಕ್ಕೆ ಗುಡಿಸುವ ಸಿಬ್ಬಂದಿ, ಉಳಿದ ದಂಡೆಗೆ ಭಾನುವಾರದ ಉತ್ಸಾಹ! ಇದನ್ನು ಸಂರಕ್ಷಣೆ ಎನ್ನಲಾಗದು, ಅಂಗಳ ಸಾರಿಸಿ ಹಿತ್ತಿಲು ಮರೆತಂತೆ.

ಹೆಕ್ಕಿದ ಕಸದ ಗತಿಯಾದರೂ ಏನು? ಉಪ್ಪುನೀರು ಕುಡಿದು ಮರಳು ಮೆತ್ತಿಕೊಂಡ ಪ್ಲಾಸ್ಟಿಕ್ಕನ್ನು ಗುಜರಿಯವರು ಮುಟ್ಟುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿಗೆ ಒಣಗಿದ್ದಾಗಲೂ ಬೆಲೆಯಿಲ್ಲ. ಪಂಚಾಯಿತಿಯ ಕಸದ ಗಾಡಿ ಸ್ವಚ್ಛವಾಹಿನಿ ಓಡಿಸುವ ಸ್ವಸಹಾಯ ಸಂಘದ ಮಹಿಳೆ ಮನೆಮನೆಯ ಒಣಕಸ ಒಯ್ಯುವುದರಲ್ಲೇ ಹೈರಾಣಾಗುತ್ತಾಳೆ. ಕಡಲ ಕಸ ಅವಳ ಲೆಕ್ಕಕ್ಕಿಲ್ಲ. ಗಾಳಿಮರದ ಬುಡದಲ್ಲಿಟ್ಟ ಚೀಲಗಳು ಹರಿದು ಮತ್ತೆ ನೀರಿಗೆ ಬಿದ್ದರೆ ತಪ್ಪು ಯಾರದು?

ಕಾನೂನಿನ ಪ್ರಕಾರ ಪ್ಯಾಕೆಟ್ ಮಾಡಿ ಮಾರಿದ ಕಂಪನಿಗೇ ಅದರ ಹೊಣೆ. ಆದರೆ ಆ ಹೊಣೆ ತೀರಿಸಲು ದೇಶದ ಯಾವುದೋ ಮೂಲೆಯ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡರೆ ಸಾಕು. ಕಾಗದದಲ್ಲಿ ಸಾಲ ತೀರುತ್ತದೆ, ಅವರದೇ ಪ್ಯಾಕೆಟ್ ನೇತ್ರಾಣಿಯ ಬಂಡೆಯಲ್ಲಿ ಹಾಗೇ ಇರುತ್ತದೆ. ಸುಲಭದ ಕಸಕ್ಕೆ ಪ್ರಮಾಣಪತ್ರ, ಕಷ್ಟದ ಕಸಕ್ಕೆ ಶ್ರಮದಾನ. ನನ್ನ ಜಗಳ ಇದರ ಜೊತೆಗೆ.

‘ಬಲೆ ತುಂಡು, ಥರ್ಮೋಕೋಲ್, ಎಣ್ಣೆ ಕ್ಯಾನು ಎಸೆಯುವವರು ಮೀನುಗಾರರೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ಹೌದು, ಅದೂ ಇದೆ, ಮುಚ್ಚಿಡಬೇಕಿಲ್ಲ. ಸಾವಿರಾರು ರೂಪಾಯಿಯ ಬಲೆಯನ್ನು ಯಾರೂ ಬೇಕೆಂದು ಬಿಡುವುದಿಲ್ಲ; ಬಂಡೆಗೆ ಸಿಕ್ಕಿ ಹರಿದದ್ದು ವರ್ಷಗಟ್ಟಲೆ ಮೀನು ಕೊಲ್ಲುತ್ತಲೇ ಇರುತ್ತದೆ. ಹರಿದ ಬಲೆಯನ್ನು ದಡಕ್ಕೆ ತಂದರೆ ಕೊಳ್ಳುವವರಿಲ್ಲ, ಹಾಕಲು ಜಾಗವಿಲ್ಲ ಎಂದಾದರೆ ಅದು ಮತ್ತೆ ಕಡಲಿಗೇ ಹೋಗುತ್ತದೆ. ಬೈದರೆ ಬಲೆ ವಾಪಸು ಬಾರದು. ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ 2017ರಲ್ಲಿ ಶುರುವಾದ ಶುಚಿತ್ವ ಸಾಗರಂ ಯೋಜನೆಯಲ್ಲಿ ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮೀನುಗಾರರು ಬಂದರಿಗೆ ತಂದರು, ಮಹಿಳೆಯರು ವಿಂಗಡಿಸಿ ಪುಡಿ ಮಾಡಿದರು, ಪುಡಿ ರಸ್ತೆಯ ಡಾಂಬರಿಗೆ ಸೇರಿತು. ನಮ್ಮ ಪಕ್ಕದ ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿಭಾಯಿಸುವ ಘಟಕ ತಲೆಯೆತ್ತಿದೆ. ದಾರಿ ಕಾಣದ ಕೆಲಸವಲ್ಲ ಇದು.

ಹಾಗಾಗಿ ಬೇಡಿಕೆ ಮೂರೇ. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ ಬಂದರುಗಳಲ್ಲಿ ಕಡಲ ಕಸಕ್ಕೆ ಕಿಲೋ ಲೆಕ್ಕದಲ್ಲಿ ದರ ಕಟ್ಟಬೇಕು. ಆ ಹಣ ಕಂಪನಿಗಳ ಹೊಣೆಯಿಂದ ಬರಬೇಕು, ಪಂಚಾಯಿತಿಯ ಬಡ ಬೊಕ್ಕಸದಿಂದಲ್ಲ. ಹೊಳೆಗಳ ಅಳಿವೆಯಲ್ಲೇ ಕಸ ತಡೆಯಲು ಊರವರಿಗೆ ಕೂಲಿ ಕೊಟ್ಟು ಕೆಲಸ ಒಪ್ಪಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಮೀನುಗಾರನ ಕೈ ಖಾಲಿಯಿರುವ ಆ ದಿನಗಳಲ್ಲೇ ನದಿಗಳು ಕಸ ತುಂಬಿ ಬರುತ್ತವೆ. ಖಾಲಿ ಕೈಯನ್ನೂ ತುಂಬಿದ ಹೊಳೆಯನ್ನೂ ಜೋಡಿಸಲು ಯೋಜನಾ ಆಯೋಗವೇನೂ ಬೇಡ.

ಬೇಕಾದದ್ದು ಬಂದರಿನಲ್ಲಿ ಒಂದು ತಕ್ಕಡಿ. ಮೀನು ತೂಗುವ ಜಾಗದ ಪಕ್ಕದಲ್ಲೇ ಇಡಲಿ. ನೇತ್ರಾಣಿಯಿಂದ ಮರಳುವ ದೋಣಿ ಅಲ್ಲಿ ಮೊದಲ ಚೀಲ ಇಳಿಸಿ ರಸೀದಿ ಪಡೆದ ದಿನ ಆ ಬಾಟಲಿಗೆ ವಾರಸುದಾರ ಸಿಕ್ಕ ಹಾಗೆ. ಅಲ್ಲಿಯವರೆಗೆ ಮುಂದಿನ ಭಾನುವಾರದ ಫೋಟೋಕ್ಕೆ ನಿಲ್ಲುವ ಅಧಿಕಾರಿಗಳನ್ನು ಸ್ವಯಂಸೇವಕರು ಒಂದೇ ಪ್ರಶ್ನೆ ಕೇಳಲಿ: ಸ್ವಾಮಿ, ಈ ಚೀಲ ಎಲ್ಲಿಗೆ ಹೋಗುತ್ತದೆ?