ನೌಕರರ ಮನದ ಮಾತು ತಿಳಿಯುವುದು ಹೇಗೆ?

ನಿರ್ವಹಣಾಶಾಸ್ತ್ರ, ವಾಣಿಜ್ಯ ಅಥವಾ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದಲ್ಲಿ ಎದುರಾಗುವುದು ಪ್ರಾಜೆಕ್ಟ್ ವರ್ಕ್. ಕಾರ್ಖಾನೆಗೋ ಬ್ಯಾಂಕಿಗೋ ಹೋಗಿ, ಅಲ್ಲಿನ ನೌಕರರ ಅಭಿಪ್ರಾಯ ಸಂಗ್ರಹಿಸಿ ವರದಿ ಬರೆಯಬೇಕು. ಹಲವರು ಮೊದಲು ಮಾಡುವ ಕೆಲಸವೆಂದರೆ ಹಳೆಯ ವರದಿಯೊಂದರ ಪ್ರಶ್ನಾವಳಿ ನಕಲಿಸಿ ನೂರು ಪ್ರತಿ ತೆಗೆಸುವುದು. ನೌಕರರು ‘ತೃಪ್ತಿ ಇದೆ’ ಎಂಬಲ್ಲಿ ಗುರುತು ಹಾಕಿಕೊಡುತ್ತಾರೆ. ಶೇಕಡಾವಾರು ಲೆಕ್ಕ ಬರುತ್ತದೆ, ವರದಿ ಮುಗಿಯುತ್ತದೆ. ಆದರೆ ನೌಕರರ ಮನಸ್ಸಿನಲ್ಲಿದ್ದುದು ಹೊರಬಂತೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ಷಿಕಾಗೊ ಸಮೀಪದಲ್ಲಿದ್ದ ಹಾಥಾರ್ನ್ ಕಾರ್ಖಾನೆಯ ಕಥೆ ತಿಳಿದಿರಬೇಕು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಈ ಕಾರ್ಖಾನೆಯಲ್ಲಿ ದೂರವಾಣಿ ಉಪಕರಣಗಳು ತಯಾರಾಗುತ್ತಿದ್ದವು. 1928ರಲ್ಲಿ ಅಲ್ಲಿ ನೌಕರರ ಸಂದರ್ಶನ ಆರಂಭವಾಯಿತು. 1930ರ ವೇಳೆಗೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಲಾಗಿತ್ತು.

ಮೊದಮೊದಲು ಸಂದರ್ಶಕರ ಕೈಯಲ್ಲಿ ಸಿದ್ಧ ಪ್ರಶ್ನೆಗಳಿದ್ದವು. ನೌಕರರು ಮಾತ್ರ ಪ್ರಶ್ನೆ ಬಿಟ್ಟು ತಮಗೆ ಮುಖ್ಯವೆನಿಸಿದ ಬೇರೇನನ್ನೋ ಹೇಳತೊಡಗುತ್ತಿದ್ದರು. ಆದ್ದರಿಂದ 1929ರಲ್ಲಿ ವಿಧಾನವನ್ನೇ ಬದಲಿಸಲಾಯಿತು: ನೌಕರ ಮಾತನಾಡಲಿ, ಸಂದರ್ಶಕ ಕೇಳಿಸಿಕೊಳ್ಳಲಿ. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. ಒಬ್ಬಾಕೆಗೆ ಮೇಲ್ವಿಚಾರಕನನ್ನು ಕಂಡರೆ ಆಗುತ್ತಿರಲಿಲ್ಲ. ತಾನು ದ್ವೇಷಿಸುತ್ತಿದ್ದ ಮಲತಂದೆಯ ಹೋಲಿಕೆ ಆತನಲ್ಲಿ ಕಾಣುತ್ತಿದ್ದುದೇ ಇದಕ್ಕೆ ಕಾರಣವೆಂದು ಮಾತನಾಡುತ್ತ ಆಕೆಗೇ ಹೊಳೆಯಿತೆಂದು ಹಾರ್ವರ್ಡ್‌ನ ಎಲ್ಟನ್ ಮೇಯೊ ದಾಖಲಿಸಿದ್ದಾರೆ. ‘ಹೌದು–ಇಲ್ಲ’ ಪ್ರಶ್ನೆಯಲ್ಲಿ ಇದು ಸಿಗುವಂಥದ್ದಲ್ಲ.

ಸಂದರ್ಶನಕ್ಕೂ ಒಂದು ಮಿತಿ ಇದೆ. ಕಾರ್ಮಿಕರು ತಮ್ಮೊಳಗೇ ಉತ್ಪಾದನೆಗೆ ಮಿತಿ ಹಾಕಿಕೊಂಡಿದ್ದಾರೆಂಬ ಸುಳಿವಷ್ಟೇ ಸಂದರ್ಶನಗಳಲ್ಲಿ ಸಿಕ್ಕಿತ್ತು. ಅದನ್ನು ತಿಳಿಯಲು 1931ರ ನವೆಂಬರ್‌ನಿಂದ 1932ರ ಮೇ ತನಕ 14 ಪುರುಷರ ತಂಡವೊಂದನ್ನು ಪ್ರತ್ಯೇಕ ಕೋಣೆಯಲ್ಲಿ ಗಮನಿಸಲಾಯಿತು. ಆಗ ವಿಷಯ ಸ್ಪಷ್ಟವಾಯಿತು. ಹೆಚ್ಚು ದುಡಿದರೆ ಕೂಲಿಯ ದರ ಇಳಿಸುತ್ತಾರೆ ಎಂಬ ಅಂಜಿಕೆ ಅವರಲ್ಲಿತ್ತು. ಮಿತಿ ಮೀರಿ ದುಡಿದವನ ತೋಳಿಗೆ ಜೊತೆಗಾರರೇ ಗುದ್ದು ಕೊಡುತ್ತಿದ್ದರು! ಹಾಥಾರ್ನ್ ಅಧ್ಯಯನಗಳ ತೀರ್ಮಾನಗಳ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಬೇರೆ ಬೇರೆ ವಿಧಾನಗಳಿಗೆ ಬೇರೆ ಬೇರೆ ಸತ್ಯಗಳು ಸಿಗುತ್ತವೆ ಎಂಬ ಪಾಠ ಅಲ್ಲಿದೆ.

ಹಾಗಾದರೆ ಆಯ್ಕೆ ಹೇಗೆ? ಮೊದಲು ತನಗೆ ಏನು ತಿಳಿಯಬೇಕಿದೆ ಎಂಬುದನ್ನು ವಿದ್ಯಾರ್ಥಿ ಒಂದು ವಾಕ್ಯದಲ್ಲಿ ಬರೆದುಕೊಳ್ಳಲಿ. ‘ಎಷ್ಟು ಮಂದಿ?’ ಎಂಬುದಕ್ಕೆ ಪ್ರಶ್ನಾವಳಿ ತಕ್ಕದ್ದು. ‘ಏಕೆ?’ ಎಂಬುದಕ್ಕೆ ಸಂದರ್ಶನ ಬೇಕು. ‘ನಿಜವಾಗಿ ನಡೆಯುವುದೇನು?’ ಎಂಬುದಕ್ಕೆ ಅನುಮತಿ ಪಡೆದು ಮಾಡುವ ವೀಕ್ಷಣೆಯೇ ದಾರಿ. ಗುಂಪು ಚರ್ಚೆಯೂ ಒಳ್ಳೆಯದೇ. ಆದರೆ ಮೇಲಧಿಕಾರಿ ಪಕ್ಕದಲ್ಲಿ ಕುಳಿತರೆ ಯಾರೂ ಬಾಯಿ ಬಿಡುವುದಿಲ್ಲ. ಕಾಲಾವಕಾಶ ಕಡಿಮೆ ಇರುವವರು ಮೊದಲು ಐದಾರು ಮಂದಿಯೊಡನೆ ಬಿಡುವಾಗಿ ಮಾತನಾಡಿ, ಅವರು ಬಳಸಿದ ಮಾತುಗಳಲ್ಲೇ ಪ್ರಶ್ನಾವಳಿ ರಚಿಸುವುದು ಲೇಸು.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಕಾರ್ಖಾನೆಯಲ್ಲಿರುವುದು ಒಂದೇ ಪಾತ್ರೆಯ ಅನ್ನವಲ್ಲ. ರಾತ್ರಿ ಪಾಳಿಯವರು, ಗುತ್ತಿಗೆ ಕಾರ್ಮಿಕರು, ಮಹಿಳೆಯರು – ಪ್ರತಿ ಪಾತ್ರೆಯ ಅಗುಳನ್ನೂ ಹಿಸುಕಿ ನೋಡಬೇಕು.

ಎಲ್ಲಕ್ಕಿಂತ ದೊಡ್ಡದು ನಂಬಿಕೆ. ‘ಹೆಸರು ಬರೆಯಬೇಕಿಲ್ಲ’ ಎಂದ ಮಾತ್ರಕ್ಕೆ ಗುಟ್ಟು ಉಳಿಯದು. ಐದು ಜನರ ವಿಭಾಗದಲ್ಲಿ ಒಬ್ಬರೇ ಮಹಿಳೆ ಇದ್ದಾಗ, ವಿಭಾಗ ಮತ್ತು ಲಿಂಗ ಎರಡನ್ನೂ ತುಂಬಿಸಿಕೊಂಡರೆ ಹೆಸರು ಬರೆದಂತೆಯೇ ಆಯಿತು. ವಿದ್ಯಾರ್ಥಿಗೆ ಅದು ಕೆಲವು ಅಂಕಗಳ ವಿಷಯ. ಉತ್ತರಿಸಿದವರಿಗೆ ಅನ್ನದ ಪ್ರಶ್ನೆ. ಬೇಕಿಲ್ಲದ ವಿವರ ಕೇಳದಿರುವುದು, ಉತ್ತರಿಸಲು ಒಲ್ಲದವರನ್ನು ಒತ್ತಾಯಿಸದಿರುವುದು, ತುಂಬಿದ ಹಾಳೆಗಳನ್ನು ಆಡಳಿತಕ್ಕೆ ತೋರಿಸದಿರುವುದು – ಇವು ಅಧ್ಯಯನದ ಶಿಷ್ಟಾಚಾರಗಳು.

ತಂದೆ-ತಾಯಂದಿರಿಗೂ ಇಲ್ಲಿ ಪಾತ್ರವಿದೆ. ಪರಿಚಯದ ಮ್ಯಾನೇಜರ್ ಮೂಲಕ ಅನುಮತಿ ಕೊಡಿಸಿದರೆ ತಪ್ಪಿಲ್ಲ. ಆದರೆ ಅದೇ ಮ್ಯಾನೇಜರ್ ಹಾಳೆ ಹಂಚಿ, ತಾವೇ ಹಿಂದಕ್ಕೆ ಪಡೆಯುವಂತಾದರೆ ಬರುವ ಉತ್ತರವೆಲ್ಲ ‘ತೃಪ್ತಿ ಇದೆ’ ಎಂದೇ ಇರುತ್ತದೆ. ಮಗನೋ ಮಗಳೋ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಉದ್ಯೋಗದಲ್ಲಿರುವ ಪೋಷಕರು ಮೊದಲು ತಾವೇ ತುಂಬಿ ನೋಡಲಿ. ಯಾವ ಪ್ರಶ್ನೆಯ ಬಳಿ ಪೆನ್ನು ತಡೆಯುತ್ತದೋ, ತಿದ್ದಬೇಕಾದ ಪ್ರಶ್ನೆ ಅದೇ.